ದಂಡಿನ ಬಂಡಿಯ ಜೀರ್ಣೋದ್ಧಾರ

ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ಗುಡಿಯೊಂದಕ್ಕೆ ಅರಸನೋ ದಂಡನಾಯಕನೋ ಭೂಮಿಯನ್ನು ಬಿಡುವಾಗ ಪೂಜೆಗೆ ಇಷ್ಟು, ತಪೋಧನರ ಆಹಾರದಾನಕ್ಕೆ ಇಷ್ಟು ಎಂದು ಹೇಳಿ, ಅದರ ಜೊತೆಗೇ ಒಡೆದುದನ್ನೂ ಬಿರಿದುದನ್ನೂ ಹಳತಾದುದನ್ನೂ ಎತ್ತಿ ನಿಲ್ಲಿಸುವುದಕ್ಕೆಂದು ಒಂದು ಪಾಲನ್ನು ತೆಗೆದಿಡುತ್ತಿದ್ದರು. ಕಟ್ಟಿದ್ದು ಎಂದಾದರೊಂದು ದಿನ ಮುರಿಯುವುದೆಂಬ ಎಚ್ಚರ ಅವರಿಗಿತ್ತು. ಈ ಮಾತನ್ನು ನಾನು ಇಲ್ಲಿ ಗುಡಿಗೆ ಬಳಸುತ್ತಿಲ್ಲ. ಮೋಟಾರು ಲಾರಿಗೆ, ಅದರಲ್ಲಿಯೂ ಸೈನ್ಯದ ಹಳೆಯ ಲಾರಿಗೆ ಬಳಸುತ್ತಿದ್ದೇನೆ. ಕನ್ನಡ ಪಂಡಿತನಿಗೂ ಲಾರಿಗೂ ಏನು ನಂಟು ಎಂದು ತಾವು ಹುಬ್ಬೇರಿಸಬಹುದು. ನಂಟು ಉಂಟು, ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಮ್ಮ ಎರೆಸೀಮೆಯಲ್ಲಿ, ಗೊರೇಬಾಳದಂತಹ ಊರುಗಳಲ್ಲಿ, ವಯಸ್ಸಾದವರು ಮಾತಿನ ನಡುವೆ ‘ಮಿಲ್ಟ್ರಿ ಗಾಡಿ’ ಎನ್ನುವುದನ್ನು ಕೇಳಬಹುದು. ಸೈನಿಕರು ಕುಳಿತು ಬಂದ ಗಾಡಿಯೆಂದು ಅದರ ಅರ್ಥವಲ್ಲ. ಸೈನ್ಯದಿಂದ ಬಿಡುಗಡೆಯಾಗಿ, ಹರಾಜಿನಲ್ಲಿ ಕೈ ಬದಲಾಯಿಸಿ, ಹತ್ತಿ, ಶೇಂಗಾ, ಜೋಳದ ಚೀಲಗಳನ್ನು ಹೊರಲು ಬಂದ ಲಾರಿಯೆಂದು ಅರ್ಥ. ಇಂತಹ ಗಾಡಿಗಳನ್ನು ಹೊಲದ ಬದುವಿನಲ್ಲೋ ಗುಜರಿ ಅಂಗಡಿಯ ಹಿಂಭಾಗದಲ್ಲೋ ಹುಡುಕಿ ತೆಗೆದು, ತುಕ್ಕು ಬಿಡಿಸಿ, ಮತ್ತೆ ಓಡುವಂತೆ ಮಾಡುವುದು ಈಗ ಹಲವರಿಗೆ ಹವ್ಯಾಸ. ಅಂಚೆ ಚೀಟಿ ಕೂಡಿಸುವವರಿಗೆ ಒಂದು ಪೆಟ್ಟಿಗೆ ಸಾಕು. ಇವರಿಗೆ ಒಂದು ಅಂಗಳ ಬೇಕು, ಜೊತೆಗೆ ಮನೆಯವರ ತಾಳ್ಮೆಯೂ ಬೇಕು.

ಈ ಗಾಡಿಗಳು ನಮ್ಮ ನಾಡಿಗೆ ಬಂದ ಬಗೆಯನ್ನು ಮೊದಲು ನೋಡೋಣ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸೇನೆಗೆ ಬೇಕಾದಷ್ಟು ಲಾರಿಗಳನ್ನು ಇಂಗ್ಲೆಂಡಿನ ಕಾರ್ಖಾನೆಗಳೇ ಒದಗಿಸುವಂತಿರಲಿಲ್ಲ. ಆ ಭಾರವನ್ನು ಹೊತ್ತದ್ದು ಕೆನಡಾ. ಅಲ್ಲಿನ ಫೋರ್ಡ್ ಕಂಪೆನಿಯೂ ಷೆವರ್ಲೆ ಗಾಡಿಗಳನ್ನು ಮಾಡುತ್ತಿದ್ದ ಜನರಲ್ ಮೋಟಾರ್ಸ್ ಕಂಪೆನಿಯೂ ಮಾರುಕಟ್ಟೆಯ ಪೈಪೋಟಿಯನ್ನು ಬದಿಗಿಟ್ಟು, ಒಂದೇ ಮಾದರಿಯ ಲಾರಿಗಳನ್ನು ತಯಾರಿಸಿದುವು. ‘ಕೆನಡಾದ ಸೈನಿಕ ಮಾದರಿ’ ಎಂದೇ ಅದಕ್ಕೆ ಹೆಸರಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಈ ಮಾದರಿಯ ಗಾಡಿಗಳೇ 4 ಲಕ್ಷಕ್ಕೆ ಮಿಕ್ಕಿದ್ದುವು.

ಇವುಗಳ ಮುಖವನ್ನು ಒಮ್ಮೆ ನೋಡಿದವರು ಮರೆಯಲಾರರು. ಮೂಗು ಚಪ್ಪಟೆ, ಯಂತ್ರವು ಚಾಲಕನ ಕೋಣೆಯೊಳಕ್ಕೇ ನುಗ್ಗಿ ಕುಳಿತಿರುತ್ತದೆ. ಉದ್ದ ಕಡಿಮೆಯಾದಷ್ಟೂ ಹಡಗಿನಲ್ಲಿ ಹೆಚ್ಚು ಗಾಡಿಗಳನ್ನು ತುಂಬಬಹುದಷ್ಟೆ! ಅದರ ಫಲವಾಗಿ ಚಾಲಕನ ಮೊಣಕಾಲು ಯಂತ್ರದ ಬಿಸಿಗೆ ಬೇಯುತ್ತಿತ್ತು. ನಮ್ಮ ಕಡೆಯ ಬೇಸಗೆಯಲ್ಲಿ ಆ ಆಸನದ ಮೇಲೆ ಕುಳಿತವರ ಪಾಡನ್ನು ತಾವೇ ಊಹಿಸಿಕೊಳ್ಳಿ. ಕೊನೆಯ ವರ್ಷಗಳಲ್ಲಿ ಬಂದ ಗಾಡಿಗಳ ಮುಂಗಾಜು ಕೆಳಗೆ ಒಳಮುಖವಾಗಿ ವಾಲಿರುತ್ತದೆ. ಸೂರ್ಯನ ಬಿಸಿಲು ಗಾಜಿಗೆ ತಾಗಿ ಮಿನುಗಿದರೆ ಆಕಾಶದಲ್ಲಿ ಹಾರುವ ಶತ್ರುವಿಮಾನಕ್ಕೆ ಗುರುತು ಸಿಕ್ಕೀತೆಂದು ಮಾಡಿದ ಉಪಾಯವದು. ಷೆವರ್ಲೆಯಲ್ಲಿ 6 ಸಿಲಿಂಡರುಗಳ, 85 ಅಶ್ವಶಕ್ತಿಯ ಯಂತ್ರ. ಫೋರ್ಡಿನಲ್ಲಿ 8 ಸಿಲಿಂಡರುಗಳದು. ಹೆಸರಿಗೆ ಬದಲು ಇವಕ್ಕೆ ಅಕ್ಷರ, ಅಂಕೆ: ಫೋರ್ಡಾದರೆ ‘ಎಫ್’, ಷೆವರ್ಲೆಯಾದರೆ ‘ಸಿ’, ಪಕ್ಕದ 15, 30, 60 ಎಂಬ ಅಂಕೆಗಳು ಹೊರುವ ಭಾರವನ್ನು ಹೇಳುತ್ತವೆ. 60 ಎಂದರೆ 3 ಟನ್.

ಇವುಗಳ ಜೊತೆಗೆ ಅಮೆರಿಕೆಯ ಗಾಡಿಗಳೂ ಬಂದುವು. ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದುವು. ಜಿ.ಎಂ.ಸಿ. ಎಂಬ ಆರು ಗಾಲಿಯ ಎರಡೂವರೆ ಟನ್ನಿನ ಲಾರಿ 5 ಲಕ್ಷಕ್ಕೂ ಮಿಕ್ಕಿತು. ಅಸ್ಸಾಮಿನ ಲೆಡೋದಿಂದ ಬರ್ಮಾದ ಕಾಡುಗಳನ್ನು ಸೀಳಿಕೊಂಡು ಚೀನಾದ ಕುನ್‌ಮಿಂಗಿಗೆ ಹಾಕಿದ ಹೆದ್ದಾರಿ 1,700 ಕಿಲೋಮೀಟರಿಗೂ ಉದ್ದದ್ದು. 1945ರ ಜನವರಿ 12ರಂದು ಲೆಡೋದಿಂದ ಹೊರಟ ಮೊದಲ ಸಾಲು ಫೆಬ್ರವರಿ 4ರಂದು ಕುನ್‌ಮಿಂಗನ್ನು ಮುಟ್ಟಿತು. ಯುದ್ಧದ ಚರಿತ್ರೆಯನ್ನು ಬರೆದವರು ಸೇನಾಪತಿಗಳ ಹೆಸರುಗಳನ್ನು ಬರೆದರು. ಹಿಟ್ಟು, ಮದ್ದುಗುಂಡು, ಪೆಟ್ರೋಲುಗಳನ್ನು ಹೊತ್ತು ಕೆಸರಿನಲ್ಲಿ ಹೂತ ಗಾಲಿಗಳನ್ನು ಎತ್ತಿದ ಚಾಲಕರ ಹೆಸರುಗಳು ಹಾಜರಿ ಪಟ್ಟಿಗಳಲ್ಲಿಯೇ ಉಳಿದುವು. ಯುರೋಪಿನಲ್ಲಿಯೂ ಹೀಗೆಯೆ. 1944ರಲ್ಲಿ ಫ್ರಾನ್ಸಿನಲ್ಲಿ ಹಗಲಿರುಳು ಓಡಿದ ಅಮೆರಿಕನ್ ಲಾರಿಗಳ ಚಾಲಕರಲ್ಲಿ ಬಹುಪಾಲು ಮಂದಿ ಕರಿಯ ಜನಾಂಗದವರಾಗಿದ್ದರು. ಅವರ ಸೇವೆಗೆ ತಕ್ಕ ಮನ್ನಣೆ ಬಹಳ ತಡವಾಗಿ ದೊರೆಯಿತು.

ಯುದ್ಧವೇನೋ 1945ರಲ್ಲಿ ಮುಗಿಯಿತು. ಲಾರಿಗಳನ್ನು ಮಾಡುವುದು ಏನು ಮಾಡುವುದು? ಹಡಗಿನಲ್ಲಿ ಹಿಂದಕ್ಕೆ ಒಯ್ದರೆ ಸಾಗಣೆಯ ವೆಚ್ಚವೇ ಗಾಡಿಯ ಬೆಲೆಯನ್ನು ಮೀರುವಂತಿತ್ತು. ಅಮೆರಿಕನ್ ಸೇನೆ ಇಲ್ಲಿ ಬಿಟ್ಟುಹೋದ ಸಾಮಗ್ರಿಯನ್ನು ಭಾರತ ಸರ್ಕಾರ ವಹಿಸಿಕೊಂಡಿತು. ಸೇನೆಗೆ ಬೇಡವಾದುದನ್ನು ವಿಲೇವಾರಿ ಮಾಡುವುದಕ್ಕೆಂದೇ ಒಂದು ಇಲಾಖೆ ಇತ್ತು. ಜನರ ಬಾಯಲ್ಲಿ ಅದು ‘ಡಿಸ್ಪೋಸಲ್’. ಡಿಸ್ಪೋಸಲ್ ಕಂಬಳಿ, ಡಿಸ್ಪೋಸಲ್ ಬೂಟು, ಡಿಸ್ಪೋಸಲ್ ಲಾರಿ! ಅಮೆರಿಕನ್ನರು ಬಿಟ್ಟುಹೋದ ಟ್ರ್ಯಾಕ್ಟರುಗಳನ್ನೇ ದುರಸ್ತಿ ಮಾಡಿಸಿ ಭಾರತ ಸರ್ಕಾರವು ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯನ್ನು ಆರಂಭಿಸಿ, ಗಂಗಾತೀರದ ಪಾಳು ಭೂಮಿಯನ್ನು ಉಳಿಸಿತು. ಕತ್ತಿಯನ್ನು ಕುಳವಾಗಿಸುವುದೆಂದು ಹಿಂದಿನವರು ಹೇಳಿದ್ದು ಹೀಗೆ ಕಣ್ಣೆದುರಿಗೇ ನಡೆಯಿತು.

ಆದರೆ ಹಳೆಯ ಸೈನಿಕ ಬಂಡಿಯ ದುರಸ್ತಿಯಲ್ಲಿ ಮೋಸಕ್ಕೂ ಎಡೆಯುಂಟು. 1948ರಲ್ಲಿ ಕಾಶ್ಮೀರದ ಯುದ್ಧಕ್ಕಾಗಿ ದುರಸ್ತಿಯಾದ ಹಳೆಯ ಜೀಪುಗಳನ್ನು ವಿದೇಶದಿಂದ ತರಿಸಲು ಲಂಡನ್ನಿನಲ್ಲಿದ್ದ ನಮ್ಮ ಹೈಕಮಿಷನರ್ ವಿ. ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ 80 ಲಕ್ಷ ರೂಪಾಯಿಗಳ ಒಪ್ಪಂದವಾಯಿತು. ಬಂದಿಳಿದ 155 ಜೀಪುಗಳು ಉಪಯೋಗಕ್ಕೆ ಬರುವಂತಿರಲಿಲ್ಲ. ಸ್ವತಂತ್ರ ಭಾರತದ ಮೊದಲ ಹಗರಣವೆಂದು ಹೆಸರಾದ ಆ ಪ್ರಕರಣವನ್ನು 1955ರಲ್ಲಿ ಸರ್ಕಾರ ಮುಕ್ತಾಯಗೊಳಿಸಿತು. ಅದೇ ಮೆನನ್ ಅವರು ರಕ್ಷಣಾ ಸಚಿವರಾಗಿದ್ದಾಗ, 1959ರಲ್ಲಿ, ಜಬಲ್‌ಪುರದಲ್ಲಿ ಜರ್ಮನಿಯ ಮಾನ್ ಕಂಪೆನಿಯ ಪರವಾನಗಿಯಿಂದ ‘ಶಕ್ತಿಮಾನ್’ ಲಾರಿಗಳು ತಯಾರಾಗತೊಡಗಿ, ಪರದೇಶದ ಹಳೆಯ ಗಾಡಿಗಳ ಹಂಗನ್ನು ಸೇನೆ ಕಳಚಿಕೊಳ್ಳತೊಡಗಿತು. ಚರಿತ್ರೆ ಒಬ್ಬ ಮನುಷ್ಯನ ಹೆಸರನ್ನು ಎರಡು ಪುಟಗಳಲ್ಲಿ ಎರಡು ಬಗೆಯಾಗಿ ಬರೆಯುವುದುಂಟು.

ಈಗ ನಮ್ಮ ಸೀಮೆಗೆ ಬರೋಣ. ರಾಯಚೂರು ಜಿಲ್ಲೆ ಆಗ ನಿಜಾಮರ ರಾಜ್ಯದಲ್ಲಿತ್ತು. ನಿಜಾಮರ ರೈಲ್ವೆಯವರು 1932ರಲ್ಲಿ 27 ಬಸ್ಸುಗಳನ್ನೂ 166 ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿದ್ದರು. ಆ ವರ್ಷದ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ‘ಡೆಕ್ಕನ್ ಕ್ವೀನ್’ ಎಂಬ ಹೆಸರಿನಿಂದ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಾಡಿನ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಕುಲುಮೆಗಳನ್ನು ಕಟ್ಟಿ, ಅದರ ಅನಿಲದಿಂದ ಓಡಿಸುತ್ತಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುವುದೂ ಟಿಕೆಟ್ಟಿನಲ್ಲಿಯೇ ಸೇರಿತ್ತು ಎನ್ನಬೇಕು.

1948ರ ಸೆಪ್ಟೆಂಬರ್ ತಿಂಗಳಿನ ಎರಡು ದಿನಗಳನ್ನು ತಾವು ಗಮನಿಸಬೇಕು. 12ನೆಯ ತಾರೀಕು ಮೈಸೂರಿನಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಉದ್ಘಾಟನೆಯಾಯಿತು. ಇಂದಿನ ರಾಜ್ಯ ರಸ್ತೆ ಸಾರಿಗೆ ನಿಗಮದ ಮೂಲ ಅದು. ಮಾರನೆಯ ದಿನ, 13ರ ಬೆಳಗ್ಗೆ, ಭಾರತದ ಸೇನೆ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು. ಮುಖ್ಯ ಪಡೆ ಸೋಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದಲ್ಲಿ ಬಂದಿತು. ನಮ್ಮ ತೆಂಕಣ ಗಡಿಯಲ್ಲಿ ಮೈಸೂರಿನ ಪಡೆ ಹೊಸಪೇಟೆಯ ಬಳಿ ರಜಾಕಾರರನ್ನು ಎದುರಿಸಿತು. ತುಂಗಭದ್ರೆಯ ಸೇತುವೆಯನ್ನು ಗೂರ್ಖಾ ಪಡೆ ವಶಪಡಿಸಿಕೊಂಡಿತು. ಮೈಸೂರಿನಲ್ಲಿ ಬಸ್ಸು ಹೊರಟ ಮರುದಿನ ನಮ್ಮಲ್ಲಿ ದಂಡಿನ ಲಾರಿ ಹೊರಟಿತು. ಆ ಲಾರಿಗಳೂ ಮಹಾಯುದ್ಧದಿಂದ ಉಳಿದ ಪೀಳಿಗೆಯವೇ.

ಇತ್ತ ತುಂಗಭದ್ರೆಗೆ 1945ರ ಫೆಬ್ರವರಿ 28ರಂದು ಹೈದರಾಬಾದ್ ಮತ್ತು ಮದರಾಸು ಎರಡೂ ಕಡೆಯವರು ಅಡಿಗಲ್ಲಿಟ್ಟ ಅಣೆಕಟ್ಟು ಏಳುತ್ತಿತ್ತು. 1953ರಲ್ಲಿ ನೀರು ಬಿಟ್ಟರು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಬಾಳನ್ನೇ ಬದಲಾಯಿಸಿತು. ಕಾಲುವೆಯ ಬೆನ್ನಿಗೇ ಆಂಧ್ರದ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿ ನೆಲೆಸಿದರು. ಜೋಳದ ನೆಲದಲ್ಲಿ ಬತ್ತ ನಿಂತಿತು. ಬತ್ತಕ್ಕೆ ಗಿರಣಿ, ಗಿರಣಿಗೆ ಲಾರಿ. ಎರೆಮಣ್ಣಿನ ಗುಣ ತಮಗೆ ಗೊತ್ತೇ ಇದೆ. ಒಣಗಿದಾಗ ಕಾಲು ಸಿಗುವಷ್ಟು ಬಿರುಕು. ನೆನೆದಾಗ ಎತ್ತಿನ ಬಂಡಿಯ ಗಾಲಿಗೆ ಮೆತ್ತಿಕೊಂಡು ಗಾಲಿಯೇ ಕಾಣದು. ಅಂತಹ ನೆಲಕ್ಕೆ ಮುಂದಿನ ಗಾಲಿಗಳಿಗೂ ಯಂತ್ರದ ಶಕ್ತಿ ಹೋಗುವ ಸೈನಿಕ ಬಂಡಿ ಹೇಳಿ ಮಾಡಿಸಿದಂತಿತ್ತು. ಮಲೆನಾಡಿನಲ್ಲಿ, ಕೊಡಗಿನಲ್ಲಿ, ಇವೇ ಬಂಡಿಗಳು ಕಾಡಿನಿಂದ ಮರದ ದಿಮ್ಮಿಗಳನ್ನು ಎಳೆದು ತಂದುವು.

ಹೊಸ ಯಜಮಾನರು ಬಂಡಿಯನ್ನು ಬಂದ ಹಾಗೆಯೇ ಇಟ್ಟುಕೊಳ್ಳಲಿಲ್ಲ. ಬಿಸಿಯಾದ ಆ ತಗಡಿನ ಗೂಡನ್ನು ಕತ್ತರಿಸಿ ಬಿಸಾಡಿ, ಬಡಿಗರಿಂದ ತೇಗದ, ಮತ್ತಿಯ ಮೈ ಕಟ್ಟಿಸಿದರು. ಪೆಟ್ರೋಲು ದುಬಾರಿಯಾದಾಗ ಮೂಲ ಯಂತ್ರವನ್ನು ಕಿತ್ತು, ಮದರಾಸಿನ ಸಿಂಪ್ಸನ್ ಕಂಪೆನಿಯವರು ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಯಂತ್ರವನ್ನು ಕೂರಿಸಿದರು. ಬಾಗಿದ ಸ್ಪ್ರಿಂಗು ಪಟ್ಟಿಗಳನ್ನು ಊರ ಕಮ್ಮಾರ ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಿಲ್ಲಿನಂತೆ ಎತ್ತಿದ. 1954ರಿಂದ ಟಾಟಾ ಕಂಪೆನಿಯ ಮರ್ಸಿಡಿಸ್ ಲಾರಿಗಳು ಬರತೊಡಗಿದ ಮೇಲೆ ಈ ಮುದಿ ಗಾಡಿಗಳು ಒಂದೊಂದಾಗಿ ಹಿಂದೆ ಸರಿದು, ಹಿತ್ತಿಲಿಗೆ, ಆಮೇಲೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದುವು.

ಪಶ್ಚಿಮ ದೇಶಗಳಲ್ಲಿ ಇವನ್ನು ಉಳಿಸುವ ಹವ್ಯಾಸ ಮೊದಲೇ ಸಂಘಟಿತವಾಯಿತು. ಬ್ರಿಟನ್ನಿನಲ್ಲಿ 1968ರಲ್ಲಿಯೂ ಅಮೆರಿಕೆಯಲ್ಲಿ 1976ರಲ್ಲಿಯೂ ಸೈನಿಕ ವಾಹನಗಳನ್ನು ಕಾಪಾಡುವವರ ಸಂಘಗಳು ಹುಟ್ಟಿದುವು. ಆಸ್ಟ್ರೇಲಿಯದವರು ಕೆನಡಾದ ಈ ಲಾರಿಗೆ ‘ಬ್ಲಿಟ್ಜ್’ ಎಂದು ಮುದ್ದಿನ ಹೆಸರಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹಳೆಯ ಕಾರುಗಳಿಗೆ ಮನ್ನಣೆಯುಂಟು; ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳನ್ನು ನೋಡದ ಪ್ರವಾಸಿಗಳು ವಿರಳ. ಟ್ಯಾಂಕುಗಳಿಗೂ ಮನ್ನಣೆಯುಂಟು; ಅಹಮದನಗರದಲ್ಲಿ, ಎಂದರೆ ಈಗಿನ ಅಹಿಲ್ಯಾನಗರದಲ್ಲಿ, 1994ರಿಂದ ಟ್ಯಾಂಕುಗಳದೇ ಒಂದು ವಸ್ತುಸಂಗ್ರಹಾಲಯವಿದೆ. ರಾಜರ ಕಾರಿಗೆ ಮಂಟಪ, ಯುದ್ಧದ ಟ್ಯಾಂಕಿಗೆ ಪೀಠ. ಹೊರೆ ಹೊತ್ತ ಲಾರಿಗೆ ಬೇವಿನ ಮರದ ನೆರಳು. ಜೀಪಿನ ಅದೃಷ್ಟ ಬೇರೆ: ಮಹೀಂದ್ರ ಕಂಪೆನಿಯವರು 1947ರಿಂದ ಇಲ್ಲಿಯೇ ಜೋಡಿಸತೊಡಗಿದ್ದರಿಂದ ಅದರ ಬಿಡಿಭಾಗಗಳು ಸಿಗುತ್ತವೆ, ಪ್ರೀತಿಸುವವರೂ ಹೆಚ್ಚು. ಲಾರಿಯನ್ನು ಎತ್ತಿಕೊಂಡವನು ಮಾತ್ರ ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಗಳನ್ನೂ ಸುತ್ತಿ ಚಪ್ಪಲಿ ಸವೆಸಬೇಕು.

ಕೆಲಸದ ಕ್ರಮ ಹೀಗೆ. ವರ್ಷಗಟ್ಟಲೆ ನಿಂತ ಯಂತ್ರವನ್ನು ಒಮ್ಮೆಗೇ ತಿರುಗಿಸಲು ಹೋಗಬಾರದು. ಪೆಟ್ರೋಲಿನ ಯಂತ್ರವಾದರೆ ಪ್ಲಗ್ಗುಗಳನ್ನು, ಡೀಸೆಲಿನದಾದರೆ ಇಂಧನ ಚಿಮ್ಮಿಸುವ ನಳಿಗೆಗಳನ್ನು ಬಿಚ್ಚಿ, ಸಿಲಿಂಡರಿನೊಳಕ್ಕೆ ಎಣ್ಣೆ ಹೊಯ್ದು, ದಿನಗಟ್ಟಲೆ ನೆನೆಯಲು ಬಿಟ್ಟು, ಹ್ಯಾಂಡಲ್ ಹಾಕಿ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಆಡಿಸಬೇಕು. ಇಂಧನದ ಟ್ಯಾಂಕಿನ ತುಕ್ಕನ್ನು ತೊಳೆಯಬೇಕು, ಬ್ರೇಕಿನ ರಬ್ಬರುಗಳನ್ನು ಬದಲಾಯಿಸಬೇಕು, ಹತ್ತಿಯ ಹೊದಿಕೆಯ ಹಳೆಯ ತಂತಿಗಳನ್ನು ಪೂರ್ತಿ ಕಿತ್ತು ಹೊಸದಾಗಿ ಎಳೆಯಬೇಕು. ಗಾಲಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಎಲ್ಲರೂ ತಿಳಿದಿರಬೇಕು. ಈ ಸೈನಿಕ ಲಾರಿಗಳ ಗಾಲಿಯ ಡಿಸ್ಕು ಎರಡು ಹೋಳಾಗಿದ್ದು, ಎರಡನ್ನೂ ನಟ್ಟುಗಳು ಹಿಡಿದಿರುತ್ತವೆ. ಆ ನಟ್ಟುಗಳಿಗೆ ಸೇನೆಯವರು ಕೆಂಪು ಬಣ್ಣ ಬಳಿಯುತ್ತಿದ್ದರು. ಟೈರಿನಲ್ಲಿ ಗಾಳಿಯಿರುವಾಗ ಅವನ್ನು ಬಿಚ್ಚಿದರೆ ಹೋಳು ಸಿಡಿದು ಎದುರಿಗಿದ್ದವನ ಪ್ರಾಣವನ್ನೇ ತೆಗೆದೀತು. ಬಣ್ಣವು ಅಳಿಸಿಹೋಗಿರುವ ಗಾಡಿಗಳೇ ಹೆಚ್ಚು. ಆದ್ದರಿಂದ ಮೊದಲು ಗಾಳಿ ಬಿಡಿ, ಆಮೇಲೆ ಪಾನ ಹಿಡಿಯಿರಿ.

ಇದೆಲ್ಲ ಕೈಗೆಲಸ. ಪಂಡಿತನಿಗೆ ಸಂಬಂಧಿಸಿದ ಕೆಲಸ ಇನ್ನೊಂದಿದೆ, ಅದು ಓದು. ಚಾಸಿಯ ಕಬ್ಬಿಣದ ಮೇಲೆ ಒತ್ತಿದ ಅಂಕೆ, ಚಾಲಕನ ಎದುರಿನ ತಗಡಿನ ಮೇಲಿನ ಬರಹ, ಬಣ್ಣದ ಪದರಗಳ ಕೆಳಗೆ ಅಡಗಿದ ಸೇನೆಯ ಸಂಖ್ಯೆ, ಇವು ಆ ಬಂಡಿಯ ಶಾಸನಗಳು. ಬ್ರಿಟಿಷ್ ಸೇನೆಯ ಕ್ರಮದಲ್ಲಿ ಭಾರಿ ಲಾರಿಯ ಸಂಖ್ಯೆಗೆ ಮೊದಲು ‘ಎಲ್’, ಹಗುರ ಟ್ರಕ್ಕಿಗೆ ‘ಝಡ್’, ಕಾರಿಗೆ ‘ಎಂ’ ಎಂಬ ಅಕ್ಷರವಿರುತ್ತದೆ. ನಮ್ಮ ಸೇನೆಯ ಸಂಖ್ಯೆಯಾದರೆ ಮೇಲ್ಮೊಗದ ಬಾಣದ ಗುರುತೊಂದಿದ್ದು, ಗಾಡಿಯನ್ನು ಪಡೆದ ವರ್ಷದ ಎರಡು ಅಂಕೆಗಳೂ ಸೇರಿರುತ್ತವೆ. ನೀರಿನಲ್ಲಿ ನೆನೆಸಿದ ನಯವಾದ ಉಜ್ಜುಕಾಗದದಿಂದ ಮೆಲ್ಲಗೆ ಉಜ್ಜುತ್ತ ಹೋದರೆ ಒಂದು ಬಣ್ಣದ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು ತೋರುತ್ತದೆ. ಅವಸರಪಟ್ಟು ಯಂತ್ರದ ಬ್ರಷ್ಷು ಹಿಡಿದರೆ ಮೂರು ಅರಸರ ಶಾಸನವನ್ನು ಮೂರು ನಿಮಿಷದಲ್ಲಿ ಅಳಿಸಿದಂತೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಗೊರೇಬಾಳದ ಕಡೆಯ ಅವರ ಹೊಲದಲ್ಲಿ ಅಜ್ಜನ ಕಾಲದ ಮರದ ಮೈಯ ಲಾರಿಯೊಂದು ಬೇವಿನ ಮರದ ಕೆಳಗೆ ನಿಂತು ಬಹಳ ವರ್ಷಗಳಾಗಿದ್ದುವು. ಅದರ ತಗಡೊಂದನ್ನು ಬಿಚ್ಚಿ ತಂದು ನನ್ನ ಮುಂದಿಟ್ಟ. ಮಾಸಿದ ಇಂಗ್ಲಿಷ್ ಅಕ್ಷರಗಳಲ್ಲಿ ‘ಆಶಾವಾ, ಒಂಟಾರಿಯೊ’ ಎಂದಿತ್ತು. ಶಾಲೆಯ ಅಟ್ಲಾಸನ್ನು ತೆಗೆದು ಕೆನಡಾದ ಕೆರೆಯೊಂದರ ದಂಡೆಯ ಆ ಊರನ್ನು ಇಬ್ಬರೂ ಕಂಡೆವು. 1915ರಲ್ಲಿ ಇದೇ ಸೀಮೆಯ ಮಸ್ಕಿಯಲ್ಲಿ ಬಂಡೆಯ ಬರಹವನ್ನು ಕಂಡವನೂ ವಿದ್ವಾಂಸನಲ್ಲ, ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರು; ಅಶೋಕನ ಹೆಸರು ಅಲ್ಲಿರುವುದನ್ನು ವಿದ್ವಾಂಸರು ಆಮೇಲೆ ಓದಿದರು. ಕಾಣುವವನೊಬ್ಬ, ಓದುವವನೊಬ್ಬ.

ಅವನು ಬಂದದ್ದು ಬರಿಯ ಓದಿಗಲ್ಲ. ಪಟ್ಟಣದ ಹವ್ಯಾಸಿಯೊಬ್ಬರು ಬಂದು, ಗುಜರಿಯವರಿಗಿಂತ ಬಹಳ ಹೆಚ್ಚಿನ ಬೆಲೆ ಹೇಳಿ ಹೋಗಿದ್ದರು. ಅವರಿಗೆ ಬೇಕಾದದ್ದು ಚಾಸಿ, ಆಕ್ಸಲು, ಗಾಲಿ. ಯುದ್ಧಕಾಲದ ರೂಪದಲ್ಲಿಯೇ ಹಸಿರು ಬಣ್ಣ ಬಳಿದು, ತಗಡಿನ ಗೂಡು ಮಾಡಿಸಿ ನಿಲ್ಲಿಸುವುದು ಅವರ ಉದ್ದೇಶ. ‘ಸರ್, ಈ ಕಟ್ಟಿಗಿ ಬಾಡಿ ಬಿಚ್ಚಿ ಒಲಿಗಿ ಹಾಕ್ರಿ ಅಂತಾರ. ಏನು ಮಾಡಬೇಕ್ರಿ?’ ಎಂದು ಕೇಳಿದ.

ವಾಚಕರೆ, ತಮ್ಮನ್ನು ಕೇಳಿದ್ದರೆ ಏನು ಹೇಳುತ್ತಿದ್ದಿರಿ? ಆ ಹವ್ಯಾಸಿಯ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪೂರ್ಣ ಸೈನಿಕ ರೂಪದ ಗಾಡಿಗಳು ನಮ್ಮಲ್ಲಿ ಉಳಿದಿರುವುದೇ ವಿರಳ. ಒಂದಾದರೂ ಹಾಗೆ ನಿಂತರೆ ನಮ್ಮ ಮಕ್ಕಳು ನೋಡಿಯಾರು. ಕಾನೂನೂ ಅವರ ಕಡೆಗೇ ವಾಲಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದಿರುವ, ಹೆಚ್ಚಿನ ಮಾರ್ಪಾಡಾಗದ, ವ್ಯಾಪಾರಕ್ಕೆ ಬಳಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಮಾತ್ರ ‘ವಿಂಟೇಜ್’ ಎನಿಸುತ್ತವೆ. 20,000 ರೂಪಾಯಿ ಶುಲ್ಕ ಕಟ್ಟಿದರೆ 10 ವರ್ಷಗಳ ನೋಂದಣಿ, ಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳು. ಅಪ್ಪನಿಂದ ಬಂದ ಅಂಬಾಸಿಡರಿಗೆ, ಮೋರಿಸಿಗೆ ಇದು ಒಳ್ಳೆಯ ನಿಯಮ. ಆದರೆ ಯಂತ್ರ ಬದಲಾದ, ಮೈ ಬದಲಾದ, ಹೊಟ್ಟೆಪಾಡಿಗೆ ದುಡಿದ ಲಾರಿಗೆ ಈ ನಿಯಮದಲ್ಲಿ ಎಡೆಯಿಲ್ಲ. ಬದಲಾಗದೆ ಉಳಿಯಲು ಶ್ರೀಮಂತರ ಷೆಡ್ಡು ಬೇಕು, ದುಡಿದದ್ದು ಬದಲಾಗಲೇಬೇಕಷ್ಟೆ. ನಿಯಮ ಮಾಡಿದವರು ಕಾರುಗಳನ್ನು ಕಣ್ಣೆದುರಿಗೆ ಇಟ್ಟುಕೊಂಡಿದ್ದರೆಂದು ತೋರುತ್ತದೆ.

ನಾನು ಕಲಿತ ವಿದ್ಯೆಯಲ್ಲಿ ಗ್ರಂಥಸಂಪಾದನೆಯೆಂಬ ಒಂದು ಶಾಸ್ತ್ರವಿದೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ, ಕವಿಯ ಮಾತು ಯಾವುದು, ಲಿಪಿಕಾರ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸುವುದು ಅದರ ಕೆಲಸ. ಸೇರಿಸಿದ್ದಕ್ಕೆ ಪ್ರಕ್ಷಿಪ್ತವೆಂದು ಹೆಸರು. ಆದರೆ ಬಲ್ಲ ಸಂಪಾದಕ ಪ್ರಕ್ಷಿಪ್ತವನ್ನು ಸುಡುವುದಿಲ್ಲ. ಅಡಿಟಿಪ್ಪಣಿಯಲ್ಲಿ ಪಾಠಾಂತರವೆಂದು ಕೊಡುತ್ತಾನೆ. ಮುಂದೆ ಬರುವವನಿಗೆ ಅದರಿಂದಲೇ ಒಂದು ಕಾಲದ ಭಾಷೆ ತಿಳಿಯಬಹುದು. ಲಾರಿಯ ಮರದ ಮೈಯನ್ನು ನಾನು ಪ್ರಕ್ಷಿಪ್ತವೆಂದೂ ಒಪ್ಪುವುದಿಲ್ಲ. ಆ ಗಾಡಿ ಸೇನೆಯಲ್ಲಿ ಇದ್ದದ್ದು ಕೆಲವೇ ವರ್ಷ. ನಮ್ಮ ಎರೆಹೊಲಗಳಲ್ಲಿ ಓಡಿದ್ದು ಹಲವು ದಶಕ. ಅದು ಮೂಲಕ್ಕೆ ಊರವರು ಬರೆದ ಟೀಕೆ. ಟೀಕೆ ಮೂಲಕ್ಕಿಂತ ದೊಡ್ಡದಾಗಿರುವ ಗ್ರಂಥಗಳು ನಮ್ಮಲ್ಲಿ ಎಷ್ಟಿಲ್ಲ? ಕೆನಡಾದ ರೂಪವನ್ನು ಕೆನಡಾದವರು ಉಳಿಸಿಕೊಂಡಿದ್ದಾರೆ, ಆಸ್ಟ್ರೇಲಿಯದವರೂ ಉಳಿಸಿದ್ದಾರೆ. ಸಿಂಧನೂರು ಸೀಮೆಯ ಬಡಿಗ ಕಟ್ಟಿದ ರೂಪವನ್ನು ಅವರು ಉಳಿಸುವಂತಿಲ್ಲ.

ಎಲ್ಲ ಗಾಡಿಗೂ ಇದೇ ತೀರ್ಪು ಸಲ್ಲದು. ಮರದ ಮೈ ಗೆದ್ದಲು ಹಿಡಿದು ಹೋಗಿ ಬರಿಯ ಚಾಸಿ ಉಳಿದಿದ್ದರೆ, ಅಥವಾ ಅದನ್ನು ಕತ್ತರಿಸಿ ನೀರಿನ ಟ್ಯಾಂಕರಿಗೆ ಟ್ರಾಲಿ ಮಾಡಿಕೊಂಡಿದ್ದರೆ, ಹಸಿರು ಬಣ್ಣ ಬಳಿದು ಹಳೆಯ ಸೈನಿಕ ವೇಷ ಹಾಕುವುದೇ ಮೇಲು. ಆಗಲೂ ಹೊಸದಾಗಿ ಮಾಡಿಸಿದ ಭಾಗದ ಒಳಮೈಯಲ್ಲಿ ಮಾಡಿಸಿದ ವರ್ಷವನ್ನು ಒತ್ತಿರಬೇಕು. ಹಾಗೆ ಮಾಡದಿದ್ದರೆ ನಾಳೆ ನೋಡುವವನು ನಮ್ಮ ಕಾಲದ ತಗಡನ್ನು ಯುದ್ಧಕಾಲದ್ದೆಂದು ನಂಬಿಯಾನು. ತಮ್ಮ ಮನೆಯ ಅಟ್ಟದ ಮೇಲೆ ತಂದೆಯವರ ಕಾಲದ ವಾಲ್ವ್ ರೇಡಿಯೊ ಇದ್ದೀತು. ಅದರ ಪೆಟ್ಟಿಗೆಯನ್ನು ಉಳಿಸಿ ಒಳಗಿನದನ್ನೆಲ್ಲ ಎಸೆದು ಹೊಸ ಯಂತ್ರವನ್ನಿಟ್ಟವರನ್ನೂ ನಾನು ಬಲ್ಲೆ. ಹಾಡು ಬರುತ್ತದೆ ನಿಜ. ಆದರೆ ಗುಂಡಿ ತಿರುವಿದ ಮೇಲೆ ಅದು ಬಿಸಿಯಾಗುವವರೆಗೆ ಮನೆಮಂದಿಯೆಲ್ಲ ಕಾಯುತ್ತಿದ್ದ ಆ ಅರೆನಿಮಿಷ ಬರುವುದಿಲ್ಲ.

ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟೆ: ಮಾರುವುದು ಬಿಡುವುದು ನಿಮ್ಮ ಮನೆಯವರ ವಿಚಾರ, ಒಲೆಗೆ ಹಾಕುವ ಮೊದಲು ಹಲಗೆಗಳನ್ನು ಒಮ್ಮೆ ತೊಳೆದು ನೋಡು. ಅವನು ತೊಳೆದ. ಹಿಂಬದಿಯ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಅಜ್ಜನ ಹೆಸರೂ ಊರಿನ ಹೆಸರೂ ಕನ್ನಡದಲ್ಲಿದ್ದುವು. ಹಳದಿ ಕಿತ್ತುಬಂದ ಕಡೆ ಅದರ ಕೆಳಗೆ ಬಿಳಿಯ ಬರಹವೊಂದು ಇಣುಕಿತು. ಅದು ಉರ್ದು. ನಿಜಾಮರ ಆಡಳಿತದಲ್ಲಿ ಉರ್ದು ರಾಜಭಾಷೆಯಾಗಿದ್ದುದು ತಮಗೆ ನೆನಪಿರಬಹುದು. ನನಗೆ ಆ ಲಿಪಿ ಬಾರದು. ನಿವೃತ್ತರಾದ ಉರ್ದು ಶಾಲೆಯ ಮಾಸ್ತರರೊಬ್ಬರನ್ನು ಕರೆದೊಯ್ದೆವು. ಅವರು ಕನ್ನಡಕ ಒರೆಸಿಕೊಂಡು, ಹಲಗೆಗೆ ಮುಖವಿಟ್ಟು, ಎಷ್ಟು ಮಣದ ಹೊರೆ ಹಾಕಬಹುದೆಂಬ ಲೆಕ್ಕವಿದು ಎಂದರು; ಅಂಕೆಯ ಅರ್ಧ ಸವೆದಿತ್ತು.

ಮನೆಯವರು ಲಾರಿಯನ್ನು ಕೊಡಲಿಲ್ಲ. ಪಟ್ಟಣದ ಹವ್ಯಾಸಿಗೆ, ಹಿತ್ತಿಲಲ್ಲಿ ಹೆಚ್ಚುವರಿಯಾಗಿ ಬಿದ್ದಿದ್ದ ಮುಂದಿನ ಆಕ್ಸಲು ಒಂದನ್ನೂ ಎರಡು ಗಾಲಿಗಳನ್ನೂ ಕೊಟ್ಟರು. ಅವರು ಬೇಸರಪಡದೆ ಬ್ರೇಕಿನ ರಬ್ಬರುಗಳ ಪೆಟ್ಟಿಗೆಯೊಂದನ್ನು ಕಳುಹಿಸಿಕೊಟ್ಟಿದ್ದಾರೆ. ಪರ್ಕಿನ್ಸ್ ಯಂತ್ರದ ಸಿಲಿಂಡರುಗಳಿಗೆ ಎಣ್ಣೆ ಹೊಯ್ದು ಬಿಟ್ಟಿದ್ದಾರೆ; ಹ್ಯಾಂಡಲ್ ಈಗ ಕಾಲು ಸುತ್ತು ತಿರುಗುತ್ತಿದೆ. ಮುರಿದ ಪಟ್ಟಿಗಳಿಗೆ ಬದಲಾಗಿ ಹೊಸ ಮತ್ತಿಯ ಪಟ್ಟಿಗಳು ಬಂದಿವೆ. ಹಿಂಬದಿಯ ಹಲಗೆಯನ್ನು ಮಾತ್ರ ಮುಟ್ಟದೆ, ಬಣ್ಣವಿಲ್ಲದ ವಾರ್ನಿಷು ಒಂದು ಕೈ ಬಳಿದು, ಬಿಸಿಲು ತಾಗದಂತೆ ಮನೆಯೊಳಗೆ ಗೋಡೆಗೆ ಒರಗಿಸಿ ಇಟ್ಟಿದ್ದಾರೆ.